ಮೂರು ತಿಂಗಳಿಗೆ ಅಂತ ಹೋಗಿ ಮೂರು ವರ್ಷ ಉಳಿದ ಫೋಟೋಗ್ರಾಫರ್

ಪಿಯುಸಿ ಕೆಮಿಸ್ಟ್ರಿಯ ಒಂದು ರಿಯಾಕ್ಷನ್ ನಿಮಗೆ ನೆನಪಿರಬಹುದು. ಈಥೈನ್ ಗ್ಯಾಸ್, ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್, ಬಾಣದ ಮೇಲೆ ಮರ್ಕ್ಯುರಿಕ್ ಸಲ್ಫೇಟ್. ಆ ಕಡೆ ಬರುವುದು ಅಸಿಟಾಲ್ಡಿಹೈಡ್. ಸಿಇಟಿಗೆ ಅಂತ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದವರೇ. ಬಾಣದ ಮೇಲೆ ಕೂತ ಆ ಪಾದರಸ ಕೊನೆಗೆ ಎಲ್ಲಿಗೆ ಹೋಗತ್ತೆ ಅಂತ ನಾವ್ಯಾರೂ ಕೇಳಲಿಲ್ಲ. ಕ್ಯಾಟಲಿಸ್ಟ್ ಅಲ್ವಾ, ಹಾಗೇ ಉಳಿಯತ್ತೆ ಅಂತ ಅಂದುಕೊಂಡು ಮುಂದಿನ ಪುಟಕ್ಕೆ ಹೋದೆವು.

ಜಪಾನಿನ ಒಂದು ಊರಿನಲ್ಲಿ ಇದೇ ರಿಯಾಕ್ಷನ್ 36 ವರ್ಷ ನಡೆಯಿತು. ಪಾದರಸ ಎಲ್ಲಿಗೆ ಹೋಯಿತು ಅನ್ನುವುದನ್ನು ಇಡೀ ಜಗತ್ತಿಗೆ ತೋರಿಸಿದವರಲ್ಲಿ ಒಬ್ಬರು ಅಮೆರಿಕದ ಫೋಟೋಗ್ರಾಫರ್. ಹೆಸರು ವಿಲಿಯಂ ಯೂಜೀನ್ ಸ್ಮಿತ್. 2020ರಲ್ಲಿ ಬಂದ ಜಾನಿ ಡೆಪ್ ಸಿನಿಮಾದಿಂದ ಕೆಲವರಿಗೆ ಈ ಹೆಸರು ಗೊತ್ತಿರಬಹುದು. ನಮಗೆ ಗೊತ್ತಾಗಿದ್ದು ಬೇರೆ ದಾರಿಯಲ್ಲಿ. ಈ ಸೆಮಿಸ್ಟರ್ ನಾವು ನಾಲ್ಕೈದು ಜನ ಸೇರಿ ಒಂದು ಸಣ್ಣ ಫೋಟೋ ಪ್ರದರ್ಶನ ಮಾಡೋಣ ಅಂತ ಹೊರಟೆವು. ಪೋಸ್ಟರಿಗೆ ಒಂದು ಪವರ್‌ಫುಲ್ ಫೋಟೋ ಬೇಕು ಅಂತ ಹುಡುಕುವಾಗ ಸ್ಮಿತ್ ಅವರ ಅತಿ ಪ್ರಸಿದ್ಧ ಚಿತ್ರ ಸಿಕ್ಕಿತು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸೋಣ ಅಂತ ಎಲ್ಲರೂ ಒಪ್ಪಿದ್ದೆವು. ಆಮೇಲೆ ಅದರ ಹಿಂದಿನ ಕಥೆ ಓದಿದೆವು, ನಮ್ಮ ಪ್ಲಾನ್ ಬದಲಾಯಿತು. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇವೆ. ಮೊದಲು ಈ ಮನುಷ್ಯನ ಕಥೆ.

ವಿಮಾನದ ಹುಚ್ಚಿನ ಹುಡುಗ

ಸ್ಮಿತ್ ಹುಟ್ಟಿದ್ದು 1918ರ ಡಿಸೆಂಬರ್ 30ರಂದು, ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ಎಂಬ ಊರಿನಲ್ಲಿ. ತಂದೆಗೆ ಧಾನ್ಯದ ವ್ಯಾಪಾರ. ತಾಯಿ ನೆಟ್ಟಿ ಹವ್ಯಾಸಕ್ಕೆ ಫೋಟೋ ತೆಗೆಯುತ್ತಿದ್ದರು. ಹುಡುಗನಿಗೆ ಮೊದಲು ಹುಚ್ಚು ಇದ್ದದ್ದು ವಿಮಾನಗಳ ಮೇಲೆ. ವಿಮಾನದ ಫೋಟೋ ಬೇಕು ಅಂತ ಶುರುವಾದ ಕ್ಯಾಮೆರಾ ಸಹವಾಸ ಬೇಗನೆ ಕ್ಯಾಮೆರಾದ ಹುಚ್ಚೇ ಆಯಿತು. ಹೈಸ್ಕೂಲಿನಲ್ಲಿ ಇರುವಾಗಲೇ ಊರಿನ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಅಚ್ಚಾಗತೊಡಗಿದವು.

ಅದು 1930ರ ದಶಕದ ಆರ್ಥಿಕ ಕುಸಿತದ ಕಾಲ. ಮಳೆ ಇಲ್ಲದೆ ಕಾನ್ಸಾಸಿನ ಹೊಲಗಳು ಧೂಳಾಗಿ ಹಾರಿಹೋಗುತ್ತಿದ್ದವು. ವ್ಯಾಪಾರ ಮುಳುಗಿ, 1936ರಲ್ಲಿ ತಂದೆ ಆತ್ಮಹತ್ಯೆ ಮಾಡಿಕೊಂಡರು. ಆಗ ಸ್ಮಿತ್‌ಗೆ 17 ವರ್ಷ, ಅಂದರೆ ನಮಗಿಂತ ಎರಡು ವರ್ಷ ಚಿಕ್ಕವರು. ಆ ಸಾವನ್ನು ಪತ್ರಿಕೆಗಳು ಬರೆದ ರೀತಿ ಅವರಿಗೆ ಬಹಳ ನೋವು ಕೊಟ್ಟಿತು, ಪತ್ರಿಕಾ ವೃತ್ತಿಯನ್ನೇ ಬಿಟ್ಟುಬಿಡಬೇಕು ಅನ್ನಿಸಿತ್ತು ಅಂತ ಅವರ ಜೀವನ ಬರೆದವರು ಹೇಳುತ್ತಾರೆ. ಆದರೆ ಅವರು ಬಿಡಲಿಲ್ಲ. ಬೇರೆಯವರ ದುಃಖವನ್ನು ತೋರಿಸುವವನು ಅದಕ್ಕೆ ಜವಾಬ್ದಾರನೂ ಆಗಿರಬೇಕು ಅನ್ನುವ ಹಟ ಬಹುಶಃ ಅಲ್ಲಿಂದಲೇ ಶುರುವಾಗಿರಬೇಕು.

ನೋಟ್ರ್‌ಡಾಮ್ ವಿಶ್ವವಿದ್ಯಾಲಯ ಅವರಿಗೋಸ್ಕರ ವಿಶೇಷ ಸ್ಕಾಲರ್‌ಶಿಪ್ ಕೊಟ್ಟಿತ್ತು. ಒಂದು ವರ್ಷದೊಳಗೆ ಅದನ್ನು ಬಿಟ್ಟು ನ್ಯೂಯಾರ್ಕಿಗೆ ಬಂದರು. ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು, ಸ್ವಲ್ಪ ದಿನದಲ್ಲೇ ಹೋಯಿತು. ಕಾರಣ ತಮಾಷೆಯಾಗಿದೆ. ಆಗಿನ ಪತ್ರಿಕೆಗಳಿಗೆ ದೊಡ್ಡ ನೆಗೆಟಿವಿನ ದಪ್ಪ ಕ್ಯಾಮೆರಾ ಬೇಕಿತ್ತು. ಸ್ಮಿತ್ ಮಾತ್ರ ಕೈಯಲ್ಲಿ ಸುಲಭವಾಗಿ ಹಿಡಿಯುವ ಚಿಕ್ಕ ಕ್ಯಾಮೆರಾ ಬಿಡಲು ಒಪ್ಪಲಿಲ್ಲ. ಎಡಿಟರ್‌ಗಳ ಜೊತೆ ಅವರ ಜಗಳಗಳ ಉದ್ದ ಪಟ್ಟಿಯಲ್ಲಿ ಇದು ಮೊದಲ ಎಂಟ್ರಿ.

ಯುದ್ಧ, ಮತ್ತೆ ಒಂದು ಕಾಡಿನ ದಾರಿ

ಎರಡನೇ ಮಹಾಯುದ್ಧದಲ್ಲಿ ಸ್ಮಿತ್ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋದರು. ಸೈಪಾನ್, ಇವೊ ಜಿಮಾ, ಓಕಿನಾವಾ. ಹೋಗುವಾಗ ವೀರರ ಚಿತ್ರ ತೆಗೆಯುವ ಉತ್ಸಾಹ ಇತ್ತು. ಸೈಪಾನಿನಲ್ಲಿ ಸೈನಿಕನೊಬ್ಬ ಸಾಯುವ ಸ್ಥಿತಿಯಲ್ಲಿದ್ದ ಹಸುಗೂಸನ್ನು ಕೈಯಲ್ಲಿ ಎತ್ತಿ ಹಿಡಿದಿರುವ ಚಿತ್ರ ತೆಗೆದರು. ಅಲ್ಲಿಂದ ಮುಂದೆ ಅವರ ಚಿತ್ರಗಳಲ್ಲಿ ಯಾರು ನಮ್ಮವರು, ಯಾರು ಶತ್ರು ಅನ್ನುವುದು ಮಸುಕಾಗುತ್ತಾ ಹೋಯಿತು.

1945ರ ಮೇ ತಿಂಗಳು, ಓಕಿನಾವಾದಲ್ಲಿ ಮಾರ್ಟರ್ ಶೆಲ್ಲಿನ ಚೂರು ಅವರ ಎಡಗೈ ಮತ್ತು ಮುಖವನ್ನು ಸೀಳಿತು. ಮುಂದಿನ ಸುಮಾರು ಎರಡು ವರ್ಷ ಆಪರೇಷನ್ ಮೇಲೆ ಆಪರೇಷನ್. ಮತ್ತೆ ಕ್ಯಾಮೆರಾ ಹಿಡಿಯಲು ಆಗುತ್ತೋ ಇಲ್ಲವೋ ಗೊತ್ತಿರಲಿಲ್ಲ. 1946ರಲ್ಲಿ ಒಂದು ದಿನ ತಮ್ಮ ಇಬ್ಬರು ಪುಟ್ಟ ಮಕ್ಕಳ ಹಿಂದೆ ನಡೆಯುತ್ತಾ, ನೋವಿನಲ್ಲೇ ಕ್ಯಾಮೆರಾ ಸರಿಮಾಡಿಕೊಂಡು, ಗಾಯವಾದ ಮೇಲಿನ ಮೊದಲ ಫೋಟೋ ತೆಗೆದರು. ಇಬ್ಬರು ಮಕ್ಕಳು ಕೈ ಹಿಡಿದುಕೊಂಡು, ಮರಗಳ ಕತ್ತಲಿನಿಂದ ಬೆಳಕಿರುವ ಬಯಲಿಗೆ ಕಾಲಿಡುತ್ತಿದ್ದಾರೆ. ಅಷ್ಟೇ ಚಿತ್ರ.

1955ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಎಡ್ವರ್ಡ್ ಸ್ಟೈಕನ್ ಒಂದು ದೊಡ್ಡ ಪ್ರದರ್ಶನ ಮಾಡಿದರು. ಹೆಸರು ದಿ ಫ್ಯಾಮಿಲಿ ಆಫ್ ಮ್ಯಾನ್. 68 ದೇಶಗಳ 503 ಚಿತ್ರಗಳು. ಅದರ ಕೊನೆಯ ಚಿತ್ರ ಈ ಇಬ್ಬರು ಮಕ್ಕಳದು. ಆ ಪ್ರದರ್ಶನ ಭಾರತವೂ ಸೇರಿ ಹಲವಾರು ದೇಶಗಳನ್ನು ಸುತ್ತಿತು, ಸುಮಾರು 90 ಲಕ್ಷ ಜನ ನೋಡಿದರು. ಫೋಟೋ ಅಂದರೆ ಪತ್ರಿಕೆಯಲ್ಲಿ ನೋಡಿ ಪುಟ ತಿರುಗಿಸುವುದು ಅಂತ ಇದ್ದ ಕಾಲದಲ್ಲಿ, ಗೋಡೆಯ ಮುಂದೆ ನಿಂತು ನೋಡುವುದೇ ಬೇರೆ ಅನುಭವ ಅಂತ ಲಕ್ಷಾಂತರ ಜನರಿಗೆ ಗೊತ್ತಾಯಿತು.

ಲೈಫ್ ಜೊತೆ ಜಗಳ

ಯುದ್ಧದ ನಂತರದ ವರ್ಷಗಳಲ್ಲಿ ಸ್ಮಿತ್ ಕೆಲಸ ಮಾಡಿದ್ದು ಲೈಫ್ ಪತ್ರಿಕೆಗೆ. ಟಿವಿ ಇನ್ನೂ ಮನೆಮನೆಗೆ ಬಂದಿರಲಿಲ್ಲ, ಜಗತ್ತನ್ನು ನೋಡಬೇಕಾದರೆ ಜನ ಲೈಫ್ ಬಿಡಿಸುತ್ತಿದ್ದರು. ಅಲ್ಲಿ ಸ್ಮಿತ್ ಫೋಟೋ ಎಸ್ಸೇ ಅನ್ನುವ ಪ್ರಕಾರವನ್ನು ಬೇರೆ ಎತ್ತರಕ್ಕೆ ಒಯ್ದರು. ಅಂದರೆ ಒಂದೇ ಚಿತ್ರ ಅಲ್ಲ, ಹತ್ತಾರು ಚಿತ್ರ ಸೇರಿ ಒಂದು ಕಥೆ.

1948ರಲ್ಲಿ ಕೊಲರಾಡೋದ ಹಳ್ಳಿ ಡಾಕ್ಟರ್ ಒಬ್ಬರ ಹಿಂದೆ ವಾರಗಟ್ಟಲೆ ತಿರುಗಿದರು. ಶುರುವಿನಲ್ಲಿ ಕ್ಯಾಮೆರಾಕ್ಕೆ ಫಿಲ್ಮೇ ಹಾಕಿರಲಿಲ್ಲವಂತೆ, ಡಾಕ್ಟರಿಗೆ ಇವರ ಇರುವಿಕೆ ಅಭ್ಯಾಸ ಆಗಲಿ ಅಂತ. 1951ರಲ್ಲಿ ಸ್ಪೇನಿನ ಡೆಲೆಯ್ಟೋಸಾ ಎಂಬ ಬಡ ಹಳ್ಳಿಯ ಕಥೆ ಅಚ್ಚಾಯಿತು. ಅದೇ ವರ್ಷ ದಕ್ಷಿಣ ಕೆರೊಲಿನಾದ ಸೂಲಗಿತ್ತಿ ನರ್ಸ್ ಮಾಡ್ ಕ್ಯಾಲೆನ್ ಅವರ ಕಥೆ ಬಂತು. ಕಪ್ಪು ಜನರಿಗೆ ಆಸ್ಪತ್ರೆ ಅನ್ನುವುದು ದೂರದ ಮಾತಾಗಿದ್ದ ಪ್ರದೇಶದಲ್ಲಿ, ಕೆಸರಿನ ದಾರಿಯಲ್ಲಿ ಹಗಲು ರಾತ್ರಿ ಓಡಾಡುತ್ತಿದ್ದ ಹೆಂಗಸು ಆಕೆ. ಆ ಸಂಚಿಕೆ ನೋಡಿದ ಓದುಗರು ಕೇಳದೆಯೇ ದುಡ್ಡು ಕಳಿಸತೊಡಗಿದರು. ಆ ಹಣದಿಂದ ಅವರಿಗೆ ಒಂದು ಕ್ಲಿನಿಕ್ಕೇ ಆಯಿತು. ಫೋಟೋದಿಂದ ಏನಾಗತ್ತೆ ಅಂತ ಯಾರಾದರೂ ಕೇಳಿದರೆ ಈ ಉದಾಹರಣೆ ಕೊಡಬಹುದು.

ಹೊರಗಿನಿಂದ ನೋಡಿದರೆ ಕನಸಿನ ಕೆಲಸ. ಒಳಗೆ ದಿನವೂ ಯುದ್ಧ. ಯಾವ ಚಿತ್ರ ಹಾಕಬೇಕು, ಎಷ್ಟು ದೊಡ್ಡದು, ಯಾವುದರ ಪಕ್ಕ ಯಾವುದು, ಕೆಳಗೆ ಏನು ಬರೆಯಬೇಕು, ಇದೆಲ್ಲ ಎಡಿಟರ್ ಕೈಯಲ್ಲಿತ್ತು. ಸ್ಮಿತ್ ಪ್ರಕಾರ ಚಿತ್ರ ತೆಗೆದವನಿಗೆ ಆ ಹಕ್ಕು ಇರಬೇಕು. 1954ರಲ್ಲಿ ಆಫ್ರಿಕಾದ ಲಾಂಬರೆನೆಯಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಆಲ್ಬರ್ಟ್ ಶ್ವೈಟ್ಜರ್ ಅವರ ಬಗ್ಗೆ ಎಸ್ಸೇ ಮಾಡಿದರು. ತಾವು ಅಂದುಕೊಂಡಷ್ಟು ಪುಟ, ಅಂದುಕೊಂಡ ಲೇಔಟ್ ಸಿಗದಿದ್ದಾಗ ರಾಜೀನಾಮೆ ಕೊಟ್ಟು ಹೊರಬಂದರು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಸ್ಮಿತ್ ಅವರನ್ನು ದೇವರು ಮಾಡಲು ನಮಗೆ ಇಷ್ಟವಿಲ್ಲ. ಅದೇ ಶ್ವೈಟ್ಜರ್ ಎಸ್ಸೇಯ ಮುಖ್ಯ ಚಿತ್ರದಲ್ಲಿ, ಕೆಳಗಿನ ಮೂಲೆಯಲ್ಲಿ ಕಾಣುವ ಗರಗಸದ ಹಿಡಿ ಮತ್ತು ಕೈ ಬೇರೊಂದು ನೆಗೆಟಿವಿನಿಂದ ಡಾರ್ಕ್‌ರೂಮಿನಲ್ಲಿ ಸೇರಿಸಿದ್ದು. ಫೋಟೋಶಾಪ್ ಹುಟ್ಟುವ ಎಷ್ಟೋ ವರ್ಷ ಮೊದಲಿನ ಫೋಟೋಶಾಪ್ ಅನ್ನಿ. ಒಂದೊಂದು ಪ್ರಿಂಟಿಗೆ ದಿನಗಟ್ಟಲೆ ಕೂರುತ್ತಿದ್ದರು. ಮುಖದ ಮೇಲೆ ಬೆಳಕು ಬೇಕು ಅಂದರೆ ಪೊಟ್ಯಾಶಿಯಂ ಫೆರಿಸಯನೈಡ್ ದ್ರಾವಣದಿಂದ ಅಷ್ಟೇ ಜಾಗವನ್ನು ಬ್ಲೀಚ್ ಮಾಡುತ್ತಿದ್ದರು. ನಿಜ ಹೇಳಬೇಕು ಅನ್ನುವ ಹಟ ಎಷ್ಟಿತ್ತೋ, ಆ ನಿಜ ತನಗೆ ಕಂಡ ಹಾಗೇ ಕಾಣಬೇಕು ಅನ್ನುವ ಹಟವೂ ಅಷ್ಟೇ ಇತ್ತು. ಎರಡೂ ಒಂದೇನಾ? ನಮ್ಮೊಳಗೆ ಇದರ ಮೇಲೆ ಒಂದು ರಾತ್ರಿ ಪೂರ್ತಿ ವಾದ ಆಯಿತು, ತೀರ್ಮಾನ ಆಗಲಿಲ್ಲ.

ಮೂರು ವಾರದ ಕೆಲಸ, ಮುಗಿಯದ ಸಾಲ

ಲೈಫ್ ಬಿಟ್ಟ ಮೇಲೆ ಸ್ಮಿತ್ ಮ್ಯಾಗ್ನಮ್ ಎಂಬ ಫೋಟೋಗ್ರಾಫರ್‌ಗಳ ಸಹಕಾರ ಸಂಸ್ಥೆ ಸೇರಿದರು. 1955ರಲ್ಲಿ ಮೊದಲ ಕೆಲಸ ಬಂತು. ಸ್ಟೀಫನ್ ಲೋರಾಂಟ್ ಎಂಬ ಎಡಿಟರ್ ಉಕ್ಕಿನ ನಗರ ಪಿಟ್ಸ್‌ಬರ್ಗ್ ಬಗ್ಗೆ ಪುಸ್ತಕ ಮಾಡುತ್ತಿದ್ದರು. ಅದಕ್ಕೆ ಸುಮಾರು 100 ಚಿತ್ರ ಬೇಕು, ಮೂರು ವಾರ ಸಾಕು ಅನ್ನುವುದು ಲೆಕ್ಕ.

ಮುಂದೇನಾಯಿತು ಅಂತ ನೀವೇ ಊಹಿಸಬಹುದು. ಸ್ಮಿತ್ ಅಲ್ಲಿ ತಿಂಗಳುಗಟ್ಟಲೆ ಉಳಿದರು, ಹೋದರು, ಮತ್ತೆ ಬಂದರು. ಕುಲುಮೆಗಳ ಬೆಂಕಿ, ಕನ್ನಡಕದಲ್ಲಿ ಕಿಡಿ ಹೊಳೆಯುವ ಕಾರ್ಮಿಕ, ಬೀದಿಯ ಮಕ್ಕಳು, ರೈಲುಹಳಿ, ಸೇತುವೆ. ಒಟ್ಟು ಸುಮಾರು 17 ಸಾವಿರ ನೆಗೆಟಿವ್. ಆಗ ಡಿಜಿಟಲ್ ಇಲ್ಲ, ಒಂದೊಂದು ರೋಲೂ ದುಡ್ಡು ಕೊಟ್ಟು ತಂದದ್ದು, ಕೈಯಾರೆ ತೊಳೆದದ್ದು.

ಒಂದು ನಗರದ ಬಗ್ಗೆ ಹಿಂದೆಂದೂ ಯಾರೂ ಮಾಡದಂಥ ದೊಡ್ಡ ಕೃತಿ ಮಾಡಬೇಕು ಅಂತ ಅವರ ಆಸೆ. ಇದಕ್ಕೆ ಯಾರು ದುಡ್ಡು ಕೊಡುತ್ತಾರೆ? ಯಾರೂ ಕೇಳಿರದ ಕೆಲಸ ಅದು. ಗುಗನ್‌ಹೈಮ್ ಫೆಲೋಶಿಪ್ ಸಿಕ್ಕಿತು, ಅದು ಖರ್ಚಾಯಿತು. ಮ್ಯಾಗ್ನಮ್ ಮುಂಗಡ ಕೊಟ್ಟಿತು, ಅದೂ ಖರ್ಚಾಯಿತು, ಸಂಸ್ಥೆಗೇ ಕಷ್ಟವಾಯಿತು. ದೊಡ್ಡ ಪತ್ರಿಕೆಗಳು ಚಿತ್ರ ತೆಗೆದುಕೊಳ್ಳಲು ಮುಂದೆ ಬಂದಾಗ, ಲೇಔಟ್ ನನ್ನದೇ ಆಗಬೇಕು ಅಂತ ಸ್ಮಿತ್ ಪಟ್ಟು ಹಿಡಿದರು, ಮಾತುಕತೆ ಮುರಿದುಬಿತ್ತು. ಕೊನೆಗೆ 1959ರ ಒಂದು ಫೋಟೋಗ್ರಫಿ ವಾರ್ಷಿಕ ಸಂಚಿಕೆಯಲ್ಲಿ ಅವರೇ ಜೋಡಿಸಿದ ಸುಮಾರು 90 ಚಿತ್ರ ಅಚ್ಚಾದವು. ಅದು ಸೋಲು ಅಂತ ಅವರೇ ಅಂದುಕೊಂಡರು.

ಈ ಸೋಲಿನ ಬೆಲೆ ಕಟ್ಟಿದವರು ಅವರೊಬ್ಬರೇ ಅಲ್ಲ. ಮನೆಯಲ್ಲಿ ಹೆಂಡತಿ ಕಾರ್ಮೆನ್ ಮತ್ತು ನಾಲ್ಕು ಮಕ್ಕಳಿದ್ದರು. ಸಾಲ, ಕುಡಿತ, ನಿದ್ದೆ ಬಾರದಿರಲು ನುಂಗುವ ಮಾತ್ರೆ. 1957ರಲ್ಲಿ ಸ್ಮಿತ್ ಮನೆ ಬಿಟ್ಟು ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂದ ಹಳೇ ಕಟ್ಟಡಕ್ಕೆ ಹೋದರು. ಅಲ್ಲಿ ರಾತ್ರಿಯಿಡೀ ಜಾಝ್ ಕಲಾವಿದರು ಸೇರುತ್ತಿದ್ದರು. ಥೆಲೋನಿಯಸ್ ಮಂಕ್ ಅಂಥವರೂ ಅಲ್ಲಿ ಅಭ್ಯಾಸ ಮಾಡಿದ್ದಾರೆ. ಸ್ಮಿತ್ ಇಡೀ ಕಟ್ಟಡಕ್ಕೆ ವೈರ್ ಎಳೆದು, ಮೈಕ್ ಇಟ್ಟು, ಸುಮಾರು 4 ಸಾವಿರ ಗಂಟೆ ಟೇಪ್ ಮಾಡಿದರು, ಸುಮಾರು 40 ಸಾವಿರ ಚಿತ್ರ ತೆಗೆದರು. ಇದನ್ನೂ ಯಾರೂ ಕೇಳಿರಲಿಲ್ಲ.

ಒಂದು ಮಾತು ಮಾತ್ರ ಹೇಳಬೇಕು. ಪಿಟ್ಸ್‌ಬರ್ಗಿನ ಕಾರ್ನೆಗಿ ಮ್ಯೂಸಿಯಂ ಆಫ್ ಆರ್ಟ್ 2001ರಲ್ಲಿ ಆ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು. ಸ್ಮಿತ್ ತೀರಿಕೊಂಡು ಆಗಲೇ 23 ವರ್ಷ ಆಗಿತ್ತು.

ಕಡಲ ದಂಡೆಯ ಊರು

1971ರಲ್ಲಿ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿ ಸ್ಮಿತ್ ಅವರ ಜೀವಮಾನದ ಕೆಲಸದ ಪ್ರದರ್ಶನ ಆಯಿತು. 600ಕ್ಕೂ ಹೆಚ್ಚು ಚಿತ್ರ. ಕಡೆಗೂ ಯಾವ ಎಡಿಟರೂ ಕತ್ತರಿ ಹಾಕದ, ಅವರೇ ಜೋಡಿಸಿದ ಗೋಡೆಗಳು. ಇದಕ್ಕೆ ಜೊತೆಗಿದ್ದು ಸಹಾಯ ಮಾಡಿದವರು ಐಲೀನ್ ಮಿಯೊಕೊ. ಜಪಾನಿ ತಾಯಿ, ಅಮೆರಿಕನ್ ತಂದೆ, ಆಗಿನ್ನೂ 20 ದಾಟಿದ್ದ ವಿದ್ಯಾರ್ಥಿನಿ. ಒಂದು ಜಾಹೀರಾತಿಗೆ ದುಭಾಷಿಯಾಗಿ ಬಂದವರು ಸ್ಮಿತ್ ಅವರ ಕೆಲಸದ ಜೊತೆಗಾರರಾದರು. ಪ್ರದರ್ಶನ ಜಪಾನಿಗೆ ಹೋಗುವ ಹೊತ್ತಿಗೆ ಇಬ್ಬರೂ ಅಲ್ಲಿಗೆ ಹೋದರು, ಟೋಕಿಯೋದಲ್ಲಿ ಮದುವೆಯಾದರು, ಸೆಪ್ಟೆಂಬರಿನಲ್ಲಿ ಮಿನಮಾಟ ಎಂಬ ಮೀನುಗಾರರ ಊರಿಗೆ ಬಂದರು. ಮೂರು ತಿಂಗಳು ಇರೋಣ ಅನ್ನುವುದು ಯೋಚನೆ.

ಈಗ ಮತ್ತೆ ನಮ್ಮ ಪಿಯುಸಿ ರಿಯಾಕ್ಷನ್. ಮಿನಮಾಟದಲ್ಲಿ ಚಿಸ್ಸೊ ಕಂಪನಿಯ ಫ್ಯಾಕ್ಟರಿ 1932ರಿಂದ 1968ರವರೆಗೆ ಪಾದರಸ ಬಳಸಿ ಅಸಿಟಾಲ್ಡಿಹೈಡ್ ತಯಾರಿಸಿತು. ರಿಯಾಕ್ಟರ್ ಒಳಗೆ ಪಾದರಸದ ಒಂದು ಪಾಲು ಮೀಥೈಲ್ ಮರ್ಕ್ಯುರಿ ಆಗಿ ಬದಲಾಗಿ, ತ್ಯಾಜ್ಯ ನೀರಿನ ಜೊತೆ ಸಮುದ್ರಕ್ಕೆ ಹೋಗುತ್ತಿತ್ತು. ನೀರಿನಲ್ಲಿ ಅದು ಬಹಳ ಕಡಿಮೆ. ಆದರೆ ಸೂಕ್ಷ್ಮಜೀವಿಯಿಂದ ಚಿಕ್ಕ ಮೀನಿಗೆ, ಚಿಕ್ಕದರಿಂದ ದೊಡ್ಡದಕ್ಕೆ ಹೋದಹಾಗೆ ಪ್ರಮಾಣ ಏರುತ್ತಾ ಹೋಗತ್ತೆ. ದಿನಾ ಮೀನು ತಿನ್ನುವ ಮನುಷ್ಯರ ಮೆದುಳಿನಲ್ಲಿ ಅದು ಸೇರಿಕೊಂಡಿತು. ಮೊದಲು ಊರಿನ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಆಮೇಲೆ ಜನರಿಗೆ ಕೈ ನಡುಕ, ಮಾತು ತೊದಲುವುದು, ಕಣ್ಣು ಮಂಜಾಗುವುದು, ಸಾವು. 1956ರ ಮೇ 1ರಂದು ರೋಗ ಅಧಿಕೃತವಾಗಿ ದಾಖಲಾಯಿತು.

ನಾವು ಎಂಜಿನಿಯರ್ ಆಗುವವರು ಓದಲೇಬೇಕಾದ ಭಾಗ ಇದರ ನಂತರದ್ದು. ಕಂಪನಿಯ ಆಸ್ಪತ್ರೆಯ ವೈದ್ಯರೇ ಆಗಿದ್ದ ಹಾಜಿಮೆ ಹೊಸೊಕಾವಾ 1959ರಲ್ಲಿ ಫ್ಯಾಕ್ಟರಿಯ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ನೋಡಿದರು. 400ನೇ ನಂಬರಿನ ಬೆಕ್ಕಿಗೆ ಅದೇ ರೋಗ ಬಂತು. ಕಂಪನಿಗೆ ಗೊತ್ತಾಯಿತು, ಹೊರಗೆ ಹೇಳಲಿಲ್ಲ. ಅದೇ ವರ್ಷದ ಕೊನೆಗೆ ಸೈಕ್ಲೇಟರ್ ಎಂಬ ನೀರು ಶುದ್ಧೀಕರಣ ಯಂತ್ರವನ್ನು ದೊಡ್ಡ ಸಮಾರಂಭದಲ್ಲಿ ಉದ್ಘಾಟಿಸಿದರು, ಕಂಪನಿಯ ಅಧ್ಯಕ್ಷರು ಅದರಿಂದ ಬಂದ ನೀರು ಅಂತ ಒಂದು ಗ್ಲಾಸ್ ಕುಡಿದು ತೋರಿಸಿದರು. ಆ ಯಂತ್ರ ಕರಗಿದ ಪಾದರಸವನ್ನು ತೆಗೆಯಲು ಮಾಡಿದ್ದೇ ಅಲ್ಲ. ಅಸಿಟಾಲ್ಡಿಹೈಡ್ ಘಟಕದ ನೀರು ಆಗ ಅದರೊಳಗೆ ಹೋಗುತ್ತಲೂ ಇರಲಿಲ್ಲ. ಇದನ್ನು ಡಿಸೈನ್ ಮಾಡಿದವರು, ಪೈಪ್ ಜೋಡಿಸಿದವರು, ಸಹಿ ಹಾಕಿದವರು ನಮ್ಮಂಥವರೇ ಅಲ್ವಾ? ಆ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ವಿಷ ಇನ್ನೂ ಎಂಟು ವರ್ಷಕ್ಕೂ ಹೆಚ್ಚು ಕಾಲ ಹರಿಯಿತು. ಹಳೇ ವಿಧಾನ ಲಾಭಕ್ಕೆ ಬಾರದೆ 1968ರಲ್ಲಿ ನಿಂತಿತು, ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು ಅದಾದ ಕೆಲವು ತಿಂಗಳಿಗೆ. ಹೊಸೊಕಾವಾ 1970ರಲ್ಲಿ ಸಾಯುವ ಹಾಸಿಗೆಯಿಂದ ಬೆಕ್ಕಿನ ಪ್ರಯೋಗದ ಬಗ್ಗೆ ಕೋರ್ಟಿಗೆ ಸಾಕ್ಷಿ ಹೇಳಿದರು.

ಸ್ಮಿತ್ ದಂಪತಿ ಬಂದಾಗ ಕೇಸು ನಡೆಯುತ್ತಿತ್ತು. ಊರಿನಲ್ಲಿ ಮನೆ ಬಾಡಿಗೆಗೆ ಹಿಡಿದರು, ನೆರೆಹೊರೆಯವರ ಜೊತೆ ಉಂಡರು, ದೋಣಿಯಲ್ಲಿ ಹೋದರು, ಸ್ನಾನದ ಕೋಣೆಯಂಥ ಜಾಗವನ್ನು ಡಾರ್ಕ್‌ರೂಮ್ ಮಾಡಿಕೊಂಡರು. ತಾಕೇಶಿ ಇಶಿಕಾವಾ ಎಂಬ ಯುವಕ ಸಹಾಯಕನಾಗಿ ಸೇರಿದರು. ದುಡ್ಡಿಗೆ ಯಾವಾಗಲೂ ತಾಪತ್ರಯ. ಐಲೀನ್ ಬರೀ ಭಾಷೆ ದಾಟಿಸಿದವರಲ್ಲ, ಅವರೂ ಚಿತ್ರ ತೆಗೆದರು, ಬರೆದರು. ಮುಂದೆ ಬಂದ ಪುಸ್ತಕದ ಮೇಲೆ ಇಬ್ಬರ ಹೆಸರೂ ಇದೆ.

1972ರ ಜನವರಿ 7ರಂದು ರೋಗಿಗಳ ಗುಂಪೊಂದು ಟೋಕಿಯೋ ಹತ್ತಿರದ ಗೋಯ್ ಎಂಬಲ್ಲಿನ ಚಿಸ್ಸೊ ಘಟಕಕ್ಕೆ ಮಾತುಕತೆಗೆ ಹೋಯಿತು. ಅಲ್ಲಿ ಕಂಪನಿಯ ಕಡೆಯ ಕಾರ್ಮಿಕರು ಗುಂಪಿನ ಮೇಲೆ ಬಿದ್ದರು, ಸ್ಮಿತ್ ಅವರಿಗೆ ತೀವ್ರ ಪೆಟ್ಟಾಯಿತು. 53 ವರ್ಷ, ಮೈತುಂಬ ಹಳೇ ಯುದ್ಧದ ಗಾಯ. ಅಂದಿನಿಂದ ತಲೆನೋವು, ಕಣ್ಣಿನ ತೊಂದರೆ ಅವರನ್ನು ಬಿಡಲಿಲ್ಲ. ಆದರೂ ಮಿನಮಾಟ ಬಿಟ್ಟು ಹೋಗಲಿಲ್ಲ. ಮೂರು ತಿಂಗಳು ಮೂರು ವರ್ಷವಾಯಿತು.

1973ರ ಮಾರ್ಚ್ 20ರಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಕಂಪನಿಯದೇ ತಪ್ಪು ಅಂತ ತೀರ್ಪು ಕೊಟ್ಟಿತು. ಇದು ಫೋಟೋದ ಗೆಲುವು ಅಂತ ಹೇಳಿದರೆ ಸುಳ್ಳಾಗತ್ತೆ. ಗೆದ್ದವರು ವರ್ಷಗಟ್ಟಲೆ ಹೋರಾಡಿದ ರೋಗಿಗಳು, ಅವರ ಮನೆಯವರು. ಫೋಟೋ ಮಾಡಿದ ಕೆಲಸ ಬೇರೆ. ಜಪಾನಿನ ಒಂದು ಮೂಲೆಯಲ್ಲಿದ್ದ ನೋವನ್ನು ಜಗತ್ತು ನೋಡದೇ ಇರಲು ಆಗದ ಹಾಗೆ ಮಾಡಿತು. 1972ರಲ್ಲಿ ಲೈಫ್ ಪ್ರಕಟಿಸಿತು, 1975ರಲ್ಲಿ ಪುಸ್ತಕ ಬಂತು, ಪ್ರದರ್ಶನಗಳಾದವು. 2013ರಲ್ಲಿ ಪಾದರಸದ ಬಳಕೆ ಕಡಿಮೆ ಮಾಡುವ ಅಂತರರಾಷ್ಟ್ರೀಯ ಒಪ್ಪಂದ ಆದಾಗ ಅದಕ್ಕೆ ಮಿನಮಾಟದ ಹೆಸರನ್ನೇ ಇಟ್ಟರು. ಭಾರತವೂ 2018ರಲ್ಲಿ ಅದನ್ನು ಅನುಮೋದಿಸಿತು.

ನಾವು ಹಾಕದ ಚಿತ್ರ

ಈಗ ಆ ಪ್ರಸಿದ್ಧ ಚಿತ್ರದ ವಿಷಯ. 1971ರ ಡಿಸೆಂಬರಿನಲ್ಲಿ ತೆಗೆದದ್ದು. ಜಪಾನಿ ಮನೆಯ ಸ್ನಾನದ ತೊಟ್ಟಿ, ಕಿಟಕಿಯ ಮಂದ ಬೆಳಕು. ತಾಯಿಯೊಬ್ಬರು ತಮ್ಮ ಮಗಳನ್ನು ತೋಳಿನಲ್ಲಿ ಹಿಡಿದು ನೀರಿನಲ್ಲಿ ಕೂತಿದ್ದಾರೆ. ಹೊಟ್ಟೆಯಲ್ಲಿದ್ದಾಗಲೇ ವಿಷ ತಾಗಿ ಹುಟ್ಟಿದ ಹುಡುಗಿ, ನೋಡಲು ಆಗದು, ಮಾತಾಡಲು ಆಗದು. ಕೈಕಾಲು ಸೆಟೆದಿವೆ. ತಾಯಿಯ ಮುಖದಲ್ಲಿ ಇರುವುದು ಪ್ರೀತಿ ಮಾತ್ರ. ಗರ್ಭದ ಮಗು ವಿಷವನ್ನು ತಾನು ಎಳೆದುಕೊಂಡಿತ್ತು, ಅದರಿಂದ ತಾಯಿಗೂ ಆಮೇಲೆ ಹುಟ್ಟಿದ ಮಕ್ಕಳಿಗೂ ಅಪಾಯ ಕಡಿಮೆಯಾಯಿತು. ಹಾಗಾಗಿ ಮನೆಯವರು ಆಕೆಯನ್ನು ಮನೆಯ ನಿಧಿ ಅಂತ ಕರೆಯುತ್ತಿದ್ದರಂತೆ.

ಮನೆಯವರ ಒಪ್ಪಿಗೆಯಿಂದಲೇ ತೆಗೆದ ಚಿತ್ರ ಅದು. ಆದರೆ ಪುಸ್ತಕ, ಪೋಸ್ಟರ್, ಮ್ಯೂಸಿಯಂ, ಟಿವಿ ಅಂತ ಅದು ಎಲ್ಲೆಲ್ಲೂ ಹೋಯಿತು. ಹುಡುಗಿ 1977ರಲ್ಲಿ 21ನೇ ವಯಸ್ಸಿಗೆ ತೀರಿಕೊಂಡಳು. ಸತ್ತ ಮೇಲೂ ಮಗಳು ಊರೂರು ಅಲೆಯುತ್ತಲೇ ಇದ್ದಾಳೆ, ಇನ್ನಾದರೂ ಆರಾಮಾಗಿರಲಿ ಅಂತ ಹೆತ್ತವರಿಗೆ ಅನ್ನಿಸಿತು. ಹಕ್ಕು ಹೊಂದಿದ್ದ ಐಲೀನ್ 1998ರಲ್ಲಿ ಅವರ ಮಾತನ್ನು ಒಪ್ಪಿ, ಚಿತ್ರದ ನಿರ್ಧಾರವನ್ನು ಹೆತ್ತವರಿಗೇ ಬಿಟ್ಟುಕೊಟ್ಟರು, ಹೊಸದಾಗಿ ಪ್ರಕಟಿಸಲು ಕೊಡುವುದನ್ನು ನಿಲ್ಲಿಸಿದರು. ಅದರ ನಂತರವೂ ಈ ಚಿತ್ರದ ಸುತ್ತ ಚರ್ಚೆ ನಡೆದೇ ಇದೆ. ಇಂಟರ್ನೆಟ್‌ನಲ್ಲಿ ಅದು ಎರಡು ಸೆಕೆಂಡಿನಲ್ಲಿ ಸಿಗತ್ತೆ, ನಮಗೂ ಹಾಗೇ ಸಿಕ್ಕಿದ್ದು. ಸಿಕ್ಕಿತು ಅಂತ ಗೋಡೆಗೆ ಹಾಕುವುದು ಸರಿಯಲ್ಲ ಅಂತ ನಮಗೆ ಅನ್ನಿಸಿತು. ಅದಕ್ಕೇ ಈ ಲೇಖನದ ಜೊತೆ ಆ ಚಿತ್ರ ಇಲ್ಲ, ಆ ಹುಡುಗಿಯ ಹೆಸರೂ ಇಲ್ಲ.

ಹದಿನೆಂಟು ಡಾಲರ್

ಜಪಾನಿನಿಂದ ಮರಳುವಾಗ ಸ್ಮಿತ್ ಅವರ ಆರೋಗ್ಯ ಪೂರ್ತಿ ಕೆಟ್ಟಿತ್ತು. ಐಲೀನ್ ಜೊತೆಗಿನ ದಾಂಪತ್ಯವೂ ಉಳಿಯಲಿಲ್ಲ. 1977ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಟೂಸಾನ್‌ಗೆ ಹೋದರು. ಅವರ ನೆಗೆಟಿವ್, ಪ್ರಿಂಟ್, ಟೇಪ್, ಕಾಗದಪತ್ರ ಎಲ್ಲ ಅಲ್ಲಿನ ಸಂಗ್ರಹಾಲಯಕ್ಕೆ ಹೋಯಿತು, ತೂಕ ಸುಮಾರು 20 ಟನ್. 1978ರ ಅಕ್ಟೋಬರ್ 15ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡಾಗ ವಯಸ್ಸು 59. ಬ್ಯಾಂಕಿನಲ್ಲಿ ಇದ್ದದ್ದು 18 ಡಾಲರ್.

ಕಥೆ ಇಲ್ಲಿಗೇ ಮುಗಿದಿದ್ದರೆ ಬರೀ ಬೇಜಾರಿನ ಕಥೆ ಆಗುತ್ತಿತ್ತು. ಆದರೆ ಸ್ನೇಹಿತರು ಸೇರಿ ಅವರ ಹೆಸರಿನಲ್ಲಿ ಒಂದು ನಿಧಿ ಕಟ್ಟಿದರು. ಯಾವ ಪತ್ರಿಕೆಯೂ ಕೇಳದ, ಆದರೆ ಫೋಟೋಗ್ರಾಫರ್ ಮಾಡದೇ ಇರಲಾರದ ಡಾಕ್ಯುಮೆಂಟರಿ ಕೆಲಸಕ್ಕೆ ಪ್ರತಿವರ್ಷ ಹಣ ಕೊಡುವುದು ಅದರ ಉದ್ದೇಶ. 1980ರಲ್ಲಿ ಮೊದಲ ಅನುದಾನ ಜೇನ್ ಎವೆಲಿನ್ ಆಟ್‌ವುಡ್ ಅವರಿಗೆ ಸಿಕ್ಕಿತು, ಅಂಧರ ಬದುಕಿನ ಬಗ್ಗೆ ಮಾಡುತ್ತಿದ್ದ ಕೆಲಸಕ್ಕೆ. 1982ರಲ್ಲಿ ಸೆಬಾಸ್ಟಿಯಾವೊ ಸಾಲ್ಗಾಡೊ, 1987ರಲ್ಲಿ ಮೆಕ್ಸಿಕೋದ ಗ್ರಾಸಿಯೆಲಾ ಇತುರ್ಬಿದೆ. ಇವತ್ತು ದೊಡ್ಡ ಹೆಸರುಗಳು, ಅಂದು ಹಣಕ್ಕಾಗಿ ಅರ್ಜಿ ಹಾಕಿದವರು. ಜೀವನಪೂರ್ತಿ ಸಾಲ ಕೇಳಿದವರ ಹೆಸರು ಈಗ ಬೇರೆಯವರಿಗೆ ಸಾಲವಿಲ್ಲದೆ ಕೆಲಸ ಮಾಡಲು ದಾರಿ ಮಾಡಿಕೊಡುತ್ತಿದೆ.

ನಮ್ಮ ಪ್ರದರ್ಶನಕ್ಕೆ ಅಂಥ ನಿಧಿ ಏನೂ ಇಲ್ಲ. ಫೆಸ್ಟ್ ಬಜೆಟ್ ಎಲ್ಲ ಡಿಜೆ ಮತ್ತು ಲೈಟಿಂಗಿಗೆ ಹೋಯಿತು. ನಾವೇ ತಲೆಗೆ ಇಷ್ಟು ಅಂತ ಹಾಕಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಎ3 ಪ್ರಿಂಟ್ ತೆಗೆಸಿ, ಬಟ್ಟೆ ಒಣಗಿಸುವ ಹಗ್ಗ, ಕ್ಲಿಪ್ಪಿನಲ್ಲಿ ತೂಗುಹಾಕುತ್ತೇವೆ. ಚಿತ್ರಗಳು ಹಾಸ್ಟೆಲ್ ಹಿಂದೆ ಹೊಸ ಬ್ಲಾಕ್ ಕಟ್ಟುತ್ತಿರುವ ಕೆಲಸಗಾರರದು. ನಮ್ಮಲ್ಲೊಬ್ಬಳು ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಅವರ ಶೆಡ್ಡಿಗೆ ಹೋಗಿ ಬರುತ್ತಿದ್ದಾಳೆ. ಮೊದಲ ಮೂರು ವಾರ ಕ್ಯಾಮೆರಾ ಬ್ಯಾಗಿನಿಂದ ಹೊರಗೇ ಬರಲಿಲ್ಲ, ಬರೀ ಚಹಾ ಮತ್ತು ಮಾತು.

ಸ್ಮಿತ್ ಅವರ ಕಥೆ ಓದಿದ ಮೇಲೆ ಎರಡು ಬದಲಾವಣೆ ಮಾಡಿದೆವು. ಪೋಸ್ಟರಿನಲ್ಲಿ ಫೋಟೋ ಇಲ್ಲ, ಬರೀ ಅಕ್ಷರ. ಇನ್ನೊಂದು, ಕ್ಯಾಂಪಸ್ಸಿಗೆ ತೋರಿಸುವ ಹಿಂದಿನ ದಿನ ಸಂಜೆ ಚಿತ್ರದಲ್ಲಿರುವವರೇ ಬಂದು ನೋಡುತ್ತಾರೆ. ಯಾವುದು ಬೇಡ ಅನ್ನುತ್ತಾರೋ ಅದನ್ನು ಕ್ಲಿಪ್ಪಿನಿಂದ ತೆಗೆದು ಅವರ ಕೈಗೇ ಕೊಡುತ್ತೇವೆ. ಕೆಲವು ಒಳ್ಳೇ ಚಿತ್ರ ಹೋಗಬಹುದು, ಹೋಗಲಿ. ಮರುದಿನ ನೀವು ಬಂದಾಗ ಹಗ್ಗದ ಮೇಲೆ ಅಲ್ಲಲ್ಲಿ ಖಾಲಿ ಕ್ಲಿಪ್ ಕಂಡರೆ, ಅದು ಯಾಕೆ ಅಂತ ಈಗ ನಿಮಗೆ ಗೊತ್ತು.